ಇಬ್ಬರಿಗೂ ಅದೇ ಪುಸ್ತಕ

ಅಂತೂರ ಬೆಂತೂರ
೨೨-೪-೧೯೭೮

ಲಕ್ಷ್ಮೇಶ್ವರದ ಅಕ್ಕ ರಸೂಲಬಿಗೆ ತಂಗಿ ರಮಜಾನಬಿಯ ಸಲಾಮು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕಂತೆ, ಮಗಳು ಹೇಳುತ್ತಾಳೆ. ಬರೆಯಲಿ. ಎಮ್ಮೆ ಕ್ಷೇಮ. ನಮ್ಮವರು ಹತ್ತಿ ಹಿಂಜಲು ಮುಂಡರಗಿ ಕಡೆ ಹೋಗಿ ತಿಂಗಳಾಯಿತು, ಅವರೂ ಕ್ಷೇಮವೇ ಇರಬೇಕು. ನನ್ನ ತಲೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಕ್ಷೇಮ.

ನನಗೆ ಓದುಬರಹ ಇಲ್ಲವೆಂದು ನಿನಗೆ ಗೊತ್ತೇ ಇದೆ. ನಾನು ಹತ್ತಿ ಬಿಡಿಸುತ್ತ ಹೇಳುತ್ತೇನೆ, ಮಗಳು ಮಾಸುಮಬಿ ಎದುರಿಗೆ ಕೂತು ಬರೆಯುತ್ತಾಳೆ. ನನ್ನ ಮಾತನ್ನು ಪುಸ್ತಕದ ಮಾತು ಮಾಡಿ ಬರೆಯುವ ಚಟ ಅವಳಿಗೆ. ಬೈದದ್ದನ್ನು ಮಾತ್ರ ತಿದ್ದಬೇಡ ಎಂದು ತಾಕೀತು ಮಾಡಿದ್ದೇನೆ. ನೋಡೋಣ.

ಕಂಡಕ್ಟರನ ಕೈಯಲ್ಲಿ ನೀನು ಕಳಿಸಿದ ಗಂಟು ಮುಟ್ಟಿತು. ಇದು ಮೂರನೆಯದು. ಬಿಚ್ಚಿದರೆ ಮತ್ತೆ ಅದೇ. ಎಲ್ಲ ಪುಸ್ತಕ ಎರಡೆರಡು, ಒಂದು ಮಾಸುಮಬಿಗೆ, ಒಂದು ಅವಳ ತಮ್ಮ ಶೇಖೂಗೆ. ಮೇಲೊಂದು ವೇಳಾಪತ್ರಿಕೆ ಬೇರೆ. ಮುಂಜಾನೆ ಏಳಕ್ಕೆ ಶುದ್ಧಬರಹ, ಎಂಟಕ್ಕೆ ಮಗ್ಗಿ, ಒಂಬತ್ತಕ್ಕೆ ಉಕ್ತಲೇಖನ. ಅಕ್ಕಾ, ಏಳಕ್ಕೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತೇವೆ. ಅದು ಹೋಗಲಿ. ನೀನು ಶಾಲೆಯ ಅಕ್ಕೋರು, ನಲವತ್ತು ಮಕ್ಕಳನ್ನು ಸಾಲಾಗಿ ಕೂಡಿಸಿ ಎಲ್ಲರಿಗೂ ಒಂದೇ ಪಾಠ ಹೇಳುವವಳು. ನನ್ನ ಪಡಸಾಲೆಯಲ್ಲಿ ಇರುವವರು ಇಬ್ಬರೇ. ಆ ಇಬ್ಬರಿಗೆ ಒಂದೇ ಪುಸ್ತಕ ಹೊಂದುವುದಿಲ್ಲ. ಇದನ್ನು ಎಷ್ಟು ಸಲ ಬರೆಸಲಿ ನಾನು?

ಮಾಸುಮಬಿಯ ವಿಷಯ ಕೇಳು. ಹನ್ನೊಂದು ವರ್ಷದವಳು, ನೀನು ಕಳಿಸಿದ ಐದನೇ ಇಯತ್ತೆಯ ಪುಸ್ತಕವನ್ನು ನಾಲ್ಕು ದಿನದಲ್ಲಿ ಮುಗಿಸಿ ಇನ್ನೊಂದು ಎಲ್ಲಿ ಎಂದು ಕೇಳಿದಳು. ಈಗ ಬೆಲ್ಲ ಕಟ್ಟಿದ ಕಾಗದ ಓದುತ್ತಾಳೆ, ಬಸ್ಸಿನ ಬೋರ್ಡು ಓದುತ್ತಾಳೆ, ಹಳೆಯ ಗಾದಿ ಬಿಚ್ಚಿದಾಗ ಹತ್ತಿಯಲ್ಲಿ ಸಿಕ್ಕ ಚೀಟಿಯನ್ನೂ ಬಿಡುವುದಿಲ್ಲ. ನಮ್ಮೂರ ಶಾಲೆ ನಾಲ್ಕನೇ ಇಯತ್ತೆಗೇ ಮುಗಿಯಿತು. ಗದಗಿಗೆ ಒಬ್ಬಳೇ ಬಸ್ಸಿನಲ್ಲಿ ಹೋಗುವುದು ಬೇಡವೆಂದು ಅವಳ ಅಪ್ಪ ಹೇಳಿ ಹೋಗಿದ್ದಾರೆ. ಹೀಗಾಗಿ ಅವಳ ಪ್ರಶ್ನೆಗಳೆಲ್ಲ ನನ್ನ ತಲೆಗೆ. ನಿನ್ನೆ ರೊಟ್ಟಿ ತಟ್ಟುವಾಗ ಬಂದು ಅಕ್ಷಾಂಶ ಎಂದರೇನು ಅಂತ ನನ್ನನ್ನು ಕೇಳುತ್ತಾಳೆ. ಕೇಳಲಿಕ್ಕೆ ಅವಳಿಗೆ ಬೇರೆ ಯಾರೂ ಸಿಗಲಿಲ್ಲ.

ಇನ್ನು ಶೇಖೂ. ಒಂಬತ್ತು ತುಂಬಿತು, ಎರಡು ವರ್ಷ ಒಂದನೇ ಇಯತ್ತೆಯಲ್ಲೇ ಕೂತ. ಲ ಬರೆ ಎಂದರೆ ಮುಖ ಅತ್ತ ಮಾಡಿದ ಲ ಬರೆಯುತ್ತಾನಂತೆ. ನನಗೇನು ತಿಳಿಯುತ್ತದೆ, ಮಾಸುಮಬಿ ಹೇಳುವುದು. ಮಾಸ್ತರರು ಅವನನ್ನು ದಿನಾ ಬಾಗಿಲ ಹೊರಗೆ ನಿಲ್ಲಿಸಿದರು. ಅವನು ಶಾಲೆಯ ಗಂಟೆ ಕೇಳಿದ ಕೂಡಲೇ ಹತ್ತಿಯ ರಾಶಿಯೊಳಗೆ ಹೊಕ್ಕು ಅಡಗತೊಡಗಿದ. ಒಂದು ದಿನ ಉಸಿರು ಕಟ್ಟಿ ಕೆಮ್ಮುತ್ತಿದ್ದವನನ್ನು ಕಾಲು ಹಿಡಿದು ಹೊರಗೆಳೆದೆ. ಅವತ್ತೇ ಶಾಲೆ ಬಿಡಿಸಿದೆ. ಅದಕ್ಕೆ ನೀನು ಬೈದೆ. ಬೈ. ಆದರೆ ಇಷ್ಟು ಉದ್ದ, ಇಷ್ಟು ಅಗಲದ ಗಾದಿಗೆ ಎಷ್ಟು ಹತ್ತಿ ಬೇಕು ಎಂದು ಅವನನ್ನು ಕೇಳು, ಬಾಯಲ್ಲೇ ಲೆಕ್ಕ ಹಾಕಿ ಹೇಳುತ್ತಾನೆ, ಅವರಪ್ಪನಿಗಿಂತ ಜಲ್ದಿ. ಇಂಥವನಿಗೆ ನೀನು ದಿನಕ್ಕೆ ಹತ್ತು ಸಾಲು ಶುದ್ಧಬರಹ ಹಚ್ಚಿದೆ. ಹತ್ತೂ ಸಾಲು ತಿರುಗಿಸಿ ಬರೆದ. ನಾನು ಎರಡು ಏಟು ಹಾಕಿದೆ, ಅವನು ಅತ್ತ, ಆಮೇಲೆ ನಾನೂ ಅತ್ತೆ. ಇದು ನಿನ್ನ ಏಳು ಗಂಟೆಯ ಪಾಠ.

ಆಮೇಲೆ ಆದದ್ದನ್ನು ಕೇಳು. ನಮ್ಮೂರ ಅಂದಪ್ಪನವರ ಮಗಳನ್ನು ಬೆಟಗೇರಿಗೆ ಕೊಟ್ಟಿದ್ದಾರೆ. ಮದುವೆಯ ಗಾದಿ ಹೊಲಿಯುವುದು ನಮ್ಮಲ್ಲೇ. ಹತ್ತಿ ತುಂಬಿ, ಸಾಲು ಹೊಲಿಗೆ ಹಾಕು ಎಂದು ಶೇಖೂನ ಕೈಗೆ ದಬ್ಬಣ ಕೊಟ್ಟು ನಾನು ನೀರಿಗೆ ಹೋದೆ. ಬಂದು ನೋಡಿದರೆ ನಟ್ಟನಡುವೆ ಮೊಳದುದ್ದದ ಅಕ್ಷರ, ದಪ್ಪ ನೂಲಿನಲ್ಲಿ! ಮಾಸುಮಬಿ ಇದ್ದಿಲಿನಲ್ಲಿ ಬರೆದುಕೊಟ್ಟಿದ್ದಾಳೆ, ಅವನು ಅದರ ಮೇಲೆ ದಬ್ಬಣ ಓಡಿಸಿದ್ದಾನೆ. ನಾನು ಕೈ ಎತ್ತಿದೆ. ಅವನು ಗಾದಿಯ ಅಂಚು ಹಿಡಿದು ಮಗುಚಿ ಹಾಕಿದ. ಹೊಲಿಗೆ ಆಚೆಗೂ ಮೂಡಿತ್ತು, ಆದರೆ ತಿರುಗಿ.

"ಅವ್ವಾ, ಆ ಮಗ್ಗಲ ಮಾಸ್ತರ ಬರಿಯೋದು, ಈ ಮಗ್ಗಲ ನಾ ಬರಿಯೋದು. ನಾ ಇಷ್ಟ ದಿನ ಗಾದಿ ಕೆಳಗ ಕುಂತು ನೋಡಾಕತ್ತಿದ್ದೆ" ಅಂದ.

ನನಗೆ ಎರಡು ಮಗ್ಗಲೂ ಒಂದೇ, ಏನೂ ಗೊತ್ತಾಗಲಿಲ್ಲ. ಮಾಸುಮಬಿ ಅವನ ತಲೆ ಹಿಡಿದು ಮುದ್ದು ಮಾಡಿದಾಗ, ಅವನಿಗೆ ಅಕ್ಷರದ ಮುಖ ತಿಳಿಯಿತೆಂದು ಗೊತ್ತಾಯಿತು. ಎತ್ತಿದ ಕೈ ಇಳಿಸಿದೆ. ಅಷ್ಟರಲ್ಲಿ ಅಂದಪ್ಪನವರು ಗಾದಿ ನೋಡಲು ಬಂದರು. ಮದುವೆಯ ಗಾದಿಯ ಮೇಲೆ ಶಾಲೆ ತೆಗೆದಿದ್ದೀಯಾ ಎಂದು ಕೇಳಿ, ಗೊಣಗುತ್ತ ಹೋದರು. ಶೇಖೂನೇ ಆ ಹೊಲಿಗೆ ಬಿಚ್ಚಿ ಸಾಲು ಹಾಕಿ ಕೊಟ್ಟ.

ಅವತ್ತಿನಿಂದ ಹಳೆಯ ಗಾದಿಯ ತುಂಡೊಂದನ್ನು ಅವನಿಗೇ ಬಿಟ್ಟಿದ್ದೇನೆ. ದಿನಕ್ಕೊಂದು ಅಕ್ಷರ. ಮಾಸುಮಬಿ ಬರೆಯುತ್ತಾಳೆ, ಅವನು ಹೊಲಿಯುತ್ತಾನೆ, ಕಣ್ಣು ಮುಚ್ಚಿ ಬೆರಳಾಡಿಸುತ್ತಾನೆ, ಆಮೇಲೆ ಪಾಟಿಯ ಮೇಲೆ ಬರೆಯುತ್ತಾನೆ. ಳ ತನಕ ಮುಗಿಸಿ ಕಾಗುಣಿತ ಹಿಡಿದಿದ್ದಾನೆ. ನಿಧಾನ, ಆದರೆ ಒಮ್ಮೆ ಬಂದದ್ದು ಹೋಗುವುದಿಲ್ಲ. ಇದು ನಿನ್ನ ಯಾವ ಗಂಟಿನಲ್ಲಿತ್ತು ಹೇಳು. ಇನ್ನು ಮುಂದೆ ಕಳಿಸುವುದಿದ್ದರೆ ಅವಳಿಗೆ ಆರನೆಯ ಇಯತ್ತೆಯದು ಕಳಿಸು, ಭೂಮಿಯ ನಕಾಶೆ ಇರುವ ಪುಸ್ತಕ ಕಳಿಸು. ಅವನಿಗೆ ಸದ್ಯ ಪುಸ್ತಕವೇ ಬೇಡ, ದಪ್ಪ ನೂಲಿನ ನಾಲ್ಕು ಉಂಡೆ ಕಳಿಸು.

ಈಗ ನಿನ್ನ ಕಾಗದದ ಕೊನೆಯ ಮಾತು. ಜೂನಿನಲ್ಲಿ ಬಂದು ಮಾಸುಮಬಿಯನ್ನು ಕರೆದೊಯ್ದು ನಿನ್ನ ಮನೆಯಲ್ಲಿಟ್ಟುಕೊಂಡು ಓದಿಸುತ್ತೀಯಂತೆ, ಶೇಖೂನ ಕೈಗೆ ಹತ್ತಿ ಹಿಂಜುವ ಬಿಲ್ಲು ಕೊಟ್ಟು ಸುಮ್ಮನಿರು ಎಂದಿದ್ದೀ. ಬಿಲ್ಲು ಅವನ ಕೈಯಲ್ಲಿ ಈಗಲೂ ಇದೆ, ಅದಕ್ಕೆ ನಿನ್ನ ಅಪ್ಪಣೆ ಬೇಕಿಲ್ಲ. ಕಾಗದ ಓದಿಸುತ್ತಿದ್ದೆ, ಆ ಸಾಲು ಬಂದಾಗ ಅವನು ಇಲ್ಲೇ ಕೂತಿದ್ದ. ಮಾಸುಮಬಿ ತಟ್ಟನೆ ನಿಲ್ಲಿಸಿದಳು, ಮುಂದೇನು ಎಂದು ನಾನೇ ಗದರಿಸಿ ಓದಿಸಿಬಿಟ್ಟೆ. ಅವನು ಎದ್ದು ಹೊರಗೆ ಹೋದ. ನನಗೆ ಸಿಟ್ಟು ಬಂತು ಅಕ್ಕಾ, ಖರೆ ಹೇಳುತ್ತೇನೆ. ನಮ್ಮಿಬ್ಬರಿಗೂ ಹೀಗೇ ಆಗಿತ್ತಲ್ಲ. ಮಾವ ಬಂದು, ಚುರುಕಾದವಳು ಬರಲಿ ಎಂದು ನಿನ್ನನ್ನು ಶಿರಹಟ್ಟಿಗೆ ಕರೆದೊಯ್ದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ನನಗೂ ಯಾರಾದರೂ ಗಾದಿಯ ಮೇಲೆ ಬರೆದು ತೋರಿಸಿದ್ದರೆ ಈ ಕಾಗದವನ್ನು ನಾನೇ ಬರೆಯುತ್ತಿದ್ದೆನೋ ಏನೋ.

ಆದಕಾರಣ ಮಾಸುಮಬಿಯನ್ನು ಜೂನ್ ತಿಂಗಳಲ್ಲಿ ಕಳುಹಿಸಲು ಸಾಧ್ಯವಿರುವುದಿಲ್ಲ. ಅವಳ ಅಭ್ಯಾಸವು ಮನೆಯಲ್ಲಿಯೇ ತೃಪ್ತಿಕರವಾಗಿ ನಡೆದಿರುತ್ತದೆ. ತಾವು ಬರುವ ತೊಂದರೆಯನ್ನು ತೆಗೆದುಕೊಳ್ಳಬಾರದಾಗಿ ವಿನಂತಿ.

ನಿನ್ನ ತಂಗಿ
ರಮಜಾನಬಿ
(ಎಡಗೈ ಹೆಬ್ಬೆಟ್ಟು)

ತಾ. ಕ.: ದೊಡ್ಡವ್ವ, ಇದು ಮಾಸುಮಬಿಯ ಮಾತು. ಅವ್ವ ಹೆಬ್ಬೆಟ್ಟು ಒತ್ತಿ ಎಮ್ಮೆಗೆ ನೀರು ಕುಡಿಸಲು ಹೋಗಿದ್ದಾಳೆ. ಕೊನೆಯ ಮೂರು ಸಾಲು ಅವಳು ಹೇಳಿದ್ದಲ್ಲ. ಅವಳು ಹೇಳಿದ್ದು ಹೀಗೆ: "ಮಾಸುಮಬಿನ್ನ ಕರ್ಕೊಂಡು ಹೋಗ ಅಕ್ಕಾ. ನಾ ಬಾಗಲದಾಗ ನಿಂತಂಗ ಈಕಿ ನಿಲ್ಲೂದು ಬ್ಯಾಡ. ಶೇಖೂನ್ನ ಹೆಂಗರ ಮಾಡಿ ನಾ ನೋಡ್ಕೋತೀನಿ." ಬರೆದದ್ದನ್ನು ಓದು ಎಂದಾಗ ಅವಳು ಹೇಳಿದ್ದನ್ನೇ ಓದಿದೆ. ಅವ್ವ ನಂಬಿದಳು.

ನನಗೆ ನಿಮ್ಮಲ್ಲಿಗೆ ಬರಬೇಕೆಂದು ಬಹಳ ಇದೆ. ಪುಸ್ತಕಕ್ಕೆ ಚೀಲವನ್ನೂ ಹೊಲಿದುಕೊಂಡಿದ್ದೇನೆ. ಆದರೆ ನಾನು ಬಂದರೆ ಶೇಖೂಗೆ ಇದ್ದಿಲಿನಲ್ಲಿ ಬರೆದುಕೊಡುವವರು ಯಾರು? ಅವ್ವನಿಗೆ ಯಾವ ಮಗ್ಗಲು ಸರಿ ಎಂದೇ ತಿಳಿಯುವುದಿಲ್ಲ. ಒತ್ತಕ್ಷರ ಇನ್ನೂ ಶುರುವಾಗಿಲ್ಲ. ಬೇರೆ ಕಾಗದ ಬರೆಯೋಣವೆಂದರೆ ಅವ್ವನ ಹೆಬ್ಬೆಟ್ಟು ಇದರ ಮೇಲೆ ಬಿದ್ದುಬಿಟ್ಟಿದೆ.

ಉತ್ತರವನ್ನು ದೊಡ್ಡ ಅಕ್ಷರದಲ್ಲಿ, ಬಿಡಿಬಿಡಿಯಾಗಿ, ಒತ್ತಕ್ಷರ ಇಲ್ಲದ ಮಾತು ಹುಡುಕಿ ಬರೆಯಿರಿ. ಈ ಸಲ ಅವ್ವನಿಗೆ ಶೇಖೂ ಓದಿ ಹೇಳಲಿ. ನಾನು ಓದಿದರೆ ಮತ್ತೆ ಏನು ಓದುತ್ತೇನೋ ನನಗೇ ಗೊತ್ತಿಲ್ಲ.