ಪರದೆಗೆ ಅಡ್ಡ ನಿಂತವಳಿಗೆ

ಮಾರ್ವಾ,

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಎಂದಾದರೂ ಬಿಟ್ಟಿದ್ದೀಯಾ? ಕಾಗದಕ್ಕೆ ಅಡ್ಡಬಾಯಿ ಹಾಕಲು ನಿನ್ನಿಂದಲೂ ಆಗುವುದಿಲ್ಲ. ಕೂತು ಓದು.

ಆ ಚಿತ್ರೋತ್ಸವಕ್ಕೆ ನಾನು ಯಾಕೆ ಹೊರಟೆ ಎಂಬುದು ನಿನಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ತೋರಿಸಲಿದ್ದ ಚಿತ್ರದ ಚಿತ್ರೀಕರಣ ಹೋದ ಚಳಿಗಾಲ ನಮ್ಮೂರ ಗುಡ್ಡದ ಮೇಲೆ ನಡೆದಾಗ, ಸ್ಕೀ ಲಿಫ್ಟಿನ ತುದಿಯಲ್ಲಿ ಕೆಲಸಕ್ಕೆ ನಿಂತಿದ್ದ ನನ್ನ ಥೇನ್‌ನನ್ನೂ ಅದರಲ್ಲಿ ಸೇರಿಸಿಕೊಂಡಿದ್ದರು. ತಂತಿಗೆ ತೂಗಿಕೊಂಡು ಗುಡ್ಡ ಹತ್ತಿ ಬರುವ ಕುರ್ಚಿಯಿಂದ ಇಳಿಯುವವರಿಗೆಲ್ಲ ಜೀವಮಾನವಿಡೀ ಹೇಳಿದ್ದನ್ನೇ ಅಲ್ಲೂ ಹೇಳಿದ್ದ: "ಕಾಲೆತ್ತಿ, ಮುಂದೆ ನೋಡಿ." ವಸಂತದಲ್ಲಿ ಹಿಮ ಕರಗುವ ಮೊದಲೇ ಅವನು ಹೋಗಿಬಿಟ್ಟ. ಕ್ಯಾಮೆರಾ ಕಂಡರೆ ಗ್ಯಾರೇಜಿಗೆ ಓಡುತ್ತಿದ್ದ ಗಂಡ ನನ್ನವನು. ಮನೆಯಲ್ಲಿ ಅವನ ದನಿ ಎಲ್ಲೂ ಉಳಿದಿಲ್ಲ. ಆ ಒಂದು ಮಾತು ಇನ್ನೊಮ್ಮೆ ಕಿವಿಗೆ ಬೀಳಲಿ ಅಂತಲೇ ನಾನು ಬಂದದ್ದು.

ಟಿಕೆಟ್ಟಿನ ಚಿಂತೆ ನನಗಿರಲಿ ಅಂದವಳು ನೀನು. ಮಾರಾಟ ಶುರುವಾದ ಬೆಳಿಗ್ಗೆ ನೀನೆಲ್ಲಿದ್ದೆ? ಕೂದಲಿಗೆ ಸುರುಳಿ ಹಾಕಿಸಿಕೊಳ್ಳುತ್ತಿದ್ದೆ. ಹಾಗಾಗಿ ಟಿಕೆಟ್ ಇಲ್ಲದವರ ಸಾಲಿನಲ್ಲಿ, ಕೈಗೆ ಕೊಟ್ಟ ನಂಬರ್ ಚೀಟಿ ಹಿಡಿದು, ಹಿಮದಲ್ಲಿ ನಿಲ್ಲಬೇಕಾಯಿತು. ನಿಂತೆ. ಅಷ್ಟರಲ್ಲಿ ನೀನು, "ಒಂದ್ನಿಮಿಷ ಇರೇ ಅರ್ಡಿತ್, ಆ ಡೇರೆಲಿ ಟೋಪಿ ಬಿಟ್ಟಿ ಕೊಡ್ತಿದಾರೆ" ಎಂದು ಹೊರಟೆ. ಇಬ್ಬರ ಚೀಟಿಯೂ ನಿನ್ನ ಕೈಗವಸಿನೊಳಗೇ ಹೋಯಿತು. ನಮ್ಮ ನಂಬರ್ ಕೂಗಿ ಮುಗಿದ ಮೇಲೆ, ಒಂದರ ಮೇಲೊಂದು ಮೂರು ಟೋಪಿ ಏರಿಸಿಕೊಂಡು ನಗುತ್ತಾ ಬಂದೆಯಲ್ಲ, ನನ್ನ ಮೈಯೆಲ್ಲ ಉರಿದುಹೋಯಿತು. ಬಾಗಿಲಲ್ಲಿದ್ದ ಹಸಿರು ಜಾಕೆಟ್ಟಿನ ಸ್ವಯಂಸೇವಕನಿಗೆ ನೀನು, "ನಿಮ್ಮಜ್ಜಿನೂ ಹಿಂಗೇ ಚಳೀಲಿ ನಿಲ್ಲಿಸ್ತೀಯೇನಪ್ಪಾ?" ಎಂದೆ. ಪಾಪ, ಅವನಿಗೆ ನಮಗಿಂತ ಹೆಚ್ಚು ವಯಸ್ಸಾಗಿತ್ತು. ನಿನ್ನ ಬಾಯಿ ಮುಚ್ಚಿಸಲಿಕ್ಕೇ ಇರಬೇಕು, ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಕೊಟ್ಟ.

ಕತ್ತು ಎತ್ತಿಕೊಂಡು ಕಾದೆ. ನೀನು ಮಿಠಾಯಿ ಕಾಗದ ಪರಪರ ಎನಿಸುತ್ತಿದ್ದೆ, ಅದನ್ನೂ ಸಹಿಸಿಕೊಂಡೆ. ಕೊನೆಗೂ ಪರದೆಯ ಮೇಲೆ ನಮ್ಮ ಗುಡ್ಡ ಬಂತು, ಲಿಫ್ಟ್ ಬಂತು, ಅವನ ಹಳೆಯ ಕೆಂಪು ಮಫ್ಲರಿನ ತುದಿ ಕಂಡಿತು. ಆಗ ನೀನು ಎದ್ದು ನನ್ನ ಮುಂದೆಯೇ ನಿಂತೆ. "ಅಗೋ ನೋಡ್ರೀ, ಅವ್ನೇ ಥೇನು, ನಮ್ಮೋನು" ಎಂದು ಇಡೀ ಚಿತ್ರಮಂದಿರಕ್ಕೆ ತೋರಿಸಿದೆ. ನನಗೆ ಕಂಡದ್ದು ನಿನ್ನ ಕೋಟಿನ ಬೆನ್ನು, ಕೇಳಿಸಿದ್ದು ನಿನ್ನ ಗಂಟಲು. ನೀನು ಕೂರುವಷ್ಟರಲ್ಲಿ ಅವನಿರಲಿಲ್ಲ. ಯಾರೋ ಇಬ್ಬರು ಮುತ್ತಿಡುತ್ತಿದ್ದರು.

ಚಿತ್ರ ಮುಗಿದ ಮೇಲೆ ನಿರ್ದೇಶಕಿ ವೇದಿಕೆಗೆ ಬಂದಳು. ಜನ ಒಬ್ಬೊಬ್ಬರಾಗಿ ಎದ್ದು ಹಿಮದ ಅರ್ಥವೇನು, ಮೌನದ ಅರ್ಥವೇನು ಎಂದು ಕೇಳುತ್ತಿದ್ದರೆ ನೀನು ಮೈಕನ್ನು ಕಸಿದುಕೊಂಡೆ. "ನಂದು ಪ್ರಶ್ನೆ ಅಲ್ಲಮ್ಮ. ಆ ಲಿಫ್ಟಿನ ಮುದುಕ ಇವಳ ಗಂಡ. ಈಗಿಲ್ಲ. ನಾನು ಅಡ್ಡ ನಿಂತ್ಬಿಟ್ಟೆ, ಇವಳಿಗೆ ಕಾಣಿಸ್ಲಿಲ್ಲ. ಅಷ್ಟು ಮಾತ್ರ ಇನ್ನೊಂದ್ಸಲ ಹಾಕಿ." ಎಲ್ಲರೂ ನನ್ನತ್ತ ತಿರುಗಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುಂದಿನ ಪ್ರದರ್ಶನದವರು ಹೊರಗೆ ಕಾಯುತ್ತಿದ್ದಾರೆ, ಈಗ ಆಗುವುದಿಲ್ಲ ಎಂದಳು ಆ ಹುಡುಗಿ. ಆದರೆ ಆಮೇಲೆ ಕೆಳಗಿಳಿದು ಬಂದು ನನ್ನ ವಿಳಾಸ ಬರೆದುಕೊಂಡಳು. ದಾರಿಯುದ್ದಕ್ಕೂ ನೀನು ಮಾತಾಡಿದೆ. ಮನೆ ಮುಂದೆ ಕಾರಿನ ಬಾಗಿಲನ್ನು ದಢಾರನೆ ಹಾಕಿದ್ದು ಗಾಳಿಯಲ್ಲ, ನಾನೇ. ಅಂದಿನಿಂದ ನಿನ್ನ ಫೋನ್ ಎತ್ತಿಲ್ಲ.

ನಿನ್ನೆ ಆ ನಿರ್ದೇಶಕಿ ಕಳಿಸಿದ್ದು ಬಂತು. ಚಿತ್ರಕ್ಕೆ ಬಳಸದೆ ಬಿಟ್ಟ ತುಣುಕುಗಳು. ಅಡುಗೆಮನೆಯಲ್ಲಿ ಒಬ್ಬಳೇ ಕೂತು ನೋಡಿದೆ. ಥೇನ್ ಮತ್ತೆ ಮತ್ತೆ ಹೇಳುತ್ತಾನೆ, "ಕಾಲೆತ್ತಿ, ಮುಂದೆ ನೋಡಿ." ಒಮ್ಮೆ ಕೆಮ್ಮು ಬರುತ್ತದೆ, ಒಮ್ಮೆ ನಗು. ಕೊನೆಯ ತುಣುಕಿನಲ್ಲಿ ಮಫ್ಲರ್ ಸರಿಮಾಡಿಕೊಂಡು ನೇರ ಕ್ಯಾಮೆರಾ ನೋಡುತ್ತಾನೆ. ನೀನು ನಂಬುವುದಿಲ್ಲ, ಅವನ ಮಾತನ್ನು ಇದ್ದ ಹಾಗೆಯೇ ಬರೆಯುತ್ತೇನೆ: "ನಂದು ಸ್ವಲ್ಪ ಜೋರಾಗಿ ಕೇಳೋ ಹಂಗೆ ಮಾಡಮ್ಮ. ನನ್ ಹೆಂಡ್ತಿ ನೋಡೋಕೆ ಬರ್ತಾಳೆ, ಪಕ್ಕದಲ್ಲಿ ಮಾರ್ವಾ ಕೂತಿರ್ತಾಳೆ. ಅವಳು ಬಾಯಿ ಮುಚ್ಚೋಳಲ್ಲ."

ನಕ್ಕೆ, ಮಾರ್ವಾ. ಅವನು ಹೋದ ಮೇಲೆ ಮೊದಲ ಸಲ ನಕ್ಕೆ. ಆಮೇಲೆ ಮೇಜಿಗೆ ತಲೆಯಿಟ್ಟು ಅತ್ತೆ. ನೀನು ಅಡ್ಡ ನಿಲ್ಲದಿದ್ದರೆ ನನಗೆ ಆ ಒಂದು ಮಾತಷ್ಟೇ ಸಿಗುತ್ತಿತ್ತು ಎಂಬುದು ಹೊಳೆದಾಗ ನಿನ್ನ ಮೇಲೆ ಇನ್ನೂ ಸಿಟ್ಟು ಬಂತು. ನೆಮ್ಮದಿಯಾಗಿ ಸಿಟ್ಟು ಮಾಡಿಕೊಂಡಿರಲೂ ನೀನು ಬಿಡುವುದಿಲ್ಲ.

ಭಾನುವಾರ ಬಾ. ಚೀಸ್ ಹಾಕಿ ಆಲೂಗಡ್ಡೆ ಬೇಯಿಸಿರುತ್ತೇನೆ. ಆ ಮೂರು ಟೋಪಿಯಲ್ಲಿ ಒಂದು ನನ್ನದು, ತೆಗೆದುಕೊಂಡು ಬಾ. ಅವನನ್ನು ನೋಡೋಣ. ನೀನು ಎಷ್ಟು ಬೇಕಾದರೂ ಮಾತಾಡು, ಅವನ ದನಿ ನಾನು ಜೋರಾಗಿಯೇ ಇಟ್ಟಿರುತ್ತೇನೆ.

ಕಣಿವೆಯ ರಸ್ತೆಯಲ್ಲಿ ಹಿಮವಿದೆ, ನಿಧಾನವಾಗಿ ಓಡಿಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಗಂಟಲನ್ನೂ.

ಇನ್ನೂ ಸಿಟ್ಟಿನಲ್ಲೇ ಇರುವ ನಿನ್ನ
ಅರ್ಡಿತ್