ಜಾಡಿಯ ಹಳೇ ನೀರು

ಚನ್ನಪಟ್ಟಣ, ಸೋಮವಾರ

ಭದ್ರಾವತಿ ಕಾರ್ಖಾನೆಯಲ್ಲಿರುವ ನಮ್ಮ ಯಜಮಾನ್ರಿಗೆ ಹೊನ್ನಿ ಮಾಡುವ ನಮಸ್ಕಾರ.

ಬರೆದ ಕಾಗದದಲ್ಲೆಲ್ಲ ಮೀನು ಹೆಂಗವೆ ಅಂತ ಕೇಳ್ತೀರಿ. ಹೇಳ್ತೀನಿ. ಮೊನ್ನೆ ಗ್ರಹಣ ಬಿಟ್ಟ ಮೇಲೆ ಅತ್ತೆಮ್ಮ ಮನೆ ನೀರನ್ನೆಲ್ಲ ಚೆಲ್ಲಿಸಿದರು. ಮೀನಿರೋ ನಿಮ್ಮ ಪೆಪ್ಪರಮೆಂಟಿನ ಗಾಜಿನ ಜಾಡಿಯದನ್ನೂ ಬಿಡಲಿಲ್ಲ. ಚೆಲ್ಲಿ, ಬಾವಿ ನೀರು ತುಂಬಿಬುಟ್ಟರು. ನಮ್ಮ ಬಾವಿದು ಸವುಳು. ಬೇಳೆ ಬೇಯದ ನೀರು ಮೀನಿಗೂ ಆಗಲ್ಲ ಅಂತ ನೀವೇ ಹೇಳಿದ್ರಲ್ಲ! ಎರಡು ಮೀನೂ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡ್ತಿದ್ವು.

ಹಿಂಗಾಗುತ್ತೆ ಅಂತ ನಾನು ಮೊದಲೇ ಒಂದು ಕುಡಿಕೇಲಿ ಜಾಡಿಯ ಹಳೇ ನೀರಿಟ್ಟು, ದರ್ಬೆ ಹಾಕಿದ್ದೆ. ಅದಕ್ಕೆ ಕೆರೆ ನೀರು ಬೆರೆಸಿ ಮೀನು ಬಿಟ್ಟೆ. ದರ್ಬೆ ಬಿದ್ದ ನೀರಿಗೆ ಮೈಲಿಗೆ ಇಲ್ಲವಲ್ಲ, ಅತ್ತೆಮ್ಮ ಏನೂ ಅನ್ನಲಿಲ್ಲ. ಈಗ ಚೆನ್ನಾಗವೆ.

ಹಳೇ ನೀರು ಅರ್ಧ ಉಳಿಸಿ ಹೊಸದು ಹಾಕು, ಒಂದೇ ಸಲಕ್ಕೆ ಬದಲಿಸಿದ್ರೆ ತಡಕೊಳ್ಳಲ್ಲ ಅಂದಿದ್ರಿ. ಮೀನಿಗೆ ಅಷ್ಟು ಯೋಚನೆ ಮಾಡಿದೋರು, ನನ್ನನ್ನ ತವರು ಗುಡೇಮಾರನಹಳ್ಳಿಯಿಂದ ತಂದು ಇಲ್ಲಿ ಬುಟ್ಟು, ಮದುವೆ ಅರಿಶಿನ ಮಾಸೋ ಮೊದಲೇ ರೈಲು ಹತ್ತಿದ್ರಿ.

ಅತ್ತೆಮ್ಮನ ಮೇಲೆ ದೂರಿಲ್ಲ. ಆದರೆ ಗ್ರಹಣದ ಮೈಲಿಗೆ ಅಂತ ನಿಮ್ಮ ಬಟ್ಟೆನೂ ಒಗೆಸಿಬುಟ್ಟರು, ಗೂಟದಲ್ಲಿ ನೀವು ಬಿಟ್ಟು ಹೋಗಿದ್ದ ಹೆಗಲ ಚೌಕದ ಸಮೇತ. ಅದಕ್ಕೆ ದರ್ಬೆ ಹಾಕೋದು ನನಗೆ ಹೊಳೀಲಿಲ್ಲ.

ಯುಗಾದಿಗೂ ರಜ ಸಿಗದಿದ್ರೆ, ಈ ಕಡೆ ಬರೋರ ಕೈಲಿ ನೀವು ಹೊದ್ದ ಚೌಕ ಒಂದು ಕಳಿಸಿ. ಒಗೀಬೇಡಿ.

ನಿಮ್ಮ
ಹೊನ್ನಿ