ಮೇಲಿನ ಕೆರೆಗೆ ಅತ್ತೆಯ ಜೊತೆ

ವಶಿಷ್ಠ ಗ್ರಾಮ
ಆಗಸ್ಟ್ 9

ಪ್ರೀತಿಯ ಖೇಮಾ,

ಹೇಗಿದ್ದೀಯಾ? ಪಾಲಂಪುರದ ಮಳೆ ನಿಂತಿತೇ? ನಿನ್ನ ಪತ್ರಕ್ಕೆ ಉತ್ತರ ತಡವಾಯಿತು, ಬೈದುಕೋ, ಪರವಾಗಿಲ್ಲ. ಪ್ಲಮ್ ಹಣ್ಣು ಕಿತ್ತು ಪೆಟ್ಟಿಗೆ ತುಂಬುವುದರಲ್ಲೇ ಜುಲೈ ಮುಗಿದುಹೋಯಿತು.

ಈಗ ಸುದ್ದಿ ಕೇಳು. ಹೋದ ಭಾನುವಾರ ನಿನ್ನಮ್ಮ ಭೃಗು ಕೆರೆಗೆ ನಡೆದು ಹೋಗಿ ಬಂದರು! ಬೆಳಿಗ್ಗೆ ಎದ್ದವರೇ ಉಣ್ಣೆಯ ಪಟ್ಟು ಹೊದ್ದು, "ಕೆರೆಗೆ ಹೊರಟೆ. ಬರೋರು ಬನ್ನಿ" ಎಂದರು.

"ಈ ಮಂಡಿ ಇಟ್ಕೊಂಡಾ, ಅಮ್ಮಾ?" ಎಂದರು ನಿನ್ನಣ್ಣ.

"ಬಿಟ್ಟು ಹೋಗೋಕಾಗುತ್ತೇನೋ? ಅದೂ ಬರುತ್ತೆ."

ನಾನು ಹಿಟ್ಟಿನುಂಡೆಗೆ ಅಕ್ರೋಟು ತುಂಬಿ ಹಬೆಯಲ್ಲಿ ಸಿಡ್ಡು ಬೇಯಿಸಿ, ತುಪ್ಪದ ಡಬ್ಬಿ ಕಟ್ಟಿಕೊಂಡೆ. ರಸ್ತೆ ಇರುವತನಕ ಜೀಪು, ಆಮೇಲೆ ಏರು. ಹುಲ್ಲಿಗಿಂತ ಹೂವೇ ಹೆಚ್ಚಾಗಿತ್ತು. ದೆಹಲಿಯ ಹುಡುಗರಿಬ್ಬರು ಬಂಡೆಗೊರಗಿ, ಕೈಗಡಿಯಾರದಲ್ಲಿ ಎದೆಬಡಿತ ನೋಡಿಕೊಳ್ಳುತ್ತಿದ್ದರು. "ಏನಂತೆ, ಬದುಕಿದ್ದೀರಂತಾ?" ಎಂದು ಕೇಳಿ ಅತ್ತೆ ಮುಂದೆ ನಡೆದರು.

ದಾರಿಯಲ್ಲಿ ಪುಟ್ಟದೊಂದು ಕೆರೆ ಸಿಕ್ಕಿತು. ಸುಸ್ತಾಗಿದ್ದ ನಿನ್ನಣ್ಣ, "ಇದೇ ಅಮ್ಮಾ, ಕೈ ಮುಗಿ, ವಾಪಸ್ ಹೋಗೋಣ" ಎಂದರು.

"ಹೆತ್ತೋಳಿಗೇ ಟೋಪಿ ಹಾಕ್ತೀಯಾ? ಕುರಿ ನೀರು ಕುಡಿಯೋ ಗುಂಡಿ ಇದು. ನಡಿ ಮೇಲಕ್ಕೆ!"

ಮೇಲಿನ ಕೆರೆಯ ಅಂಚಿನಲ್ಲಿ ಇನ್ನೂ ಹಿಮವಿತ್ತು. ಅತ್ತೆ ಭಕ್ತಿಯಿಂದ ಕೈಮುಗಿದರು, ನೀರಿಗಿಳಿದರು, ಚಳಿಗೆ ಕಿರುಚಿದರು, ನನ್ನ ಮುಖಕ್ಕೂ ಎರಚಿದರು. ನಾನು ಬಿಡುತ್ತೇನೆಯೇ? ಇಬ್ಬರೂ ತೊಯ್ದು ತೊಪ್ಪೆಯಾದೆವು. ಇಳಿಯುವಾಗ ಅತ್ತೆ ಹಿಮದ ಇಳಿಜಾರಿನಲ್ಲಿ ಪಟ್ಟು ಹಾಸಿ ಕೂತು ಜಾರಿಯೇಬಿಟ್ಟರು. ಹಿಡಿಯಲು ಓಡಿದ ನಿನ್ನಣ್ಣ ಮುಗ್ಗರಿಸಿ ಉರುಳಿ, ಅವರಿಗಿಂತ ಮೊದಲೇ ಕೆಳಗೆ ತಲುಪಿದರು! ಅತ್ತೆ ಅಷ್ಟು ನಕ್ಕಿದ್ದನ್ನು ನಾನು ಈ ಮನೆಗೆ ಬಂದಮೇಲೆ ಕಂಡಿರಲಿಲ್ಲ.

ಮಕ್ಕಳಿಗೆ ನನ್ನ ಮುದ್ದು. ಊರ ದೇವತೆ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಅತ್ತಿಗೆ,
ಹೀರಾಮಣಿ

ಇಲ್ಲಿಗೇ ಮುಗಿಸೋಣವೆಂದಿದ್ದೆ, ಮನಸ್ಸು ಒಪ್ಪಲಿಲ್ಲ. ಕೆರೆಯ ದಡದಲ್ಲಿ ಊಟಕ್ಕೆ ಕೂತಾಗ ಅತ್ತೆ ಒಂದು ಸಿಡ್ಡು ಎತ್ತಿಟ್ಟು, "ಇದು ಖೇಮಾಗೆ. ಎಲ್ಲಿ ಸತ್ತಳು ಅವಳು? ಹೂವು ಕೀಳ್ತಾ ಹಿಂದೆ ಉಳಿದಿರ್ತಾಳೆ, ಕೂಗು" ಎಂದರು. ನಿನ್ನಣ್ಣ ಮುಖ ತಿರುಗಿಸಿಕೊಂಡರು. ನಾನು ಕೂಗಿದೆ. ಕೆಲವು ತಿಂಗಳಿಂದ ಅವರಿಗೆ ಮರೆವು ಹೆಚ್ಚುತ್ತಿದೆ. ನಿನಗೆ ಬರೆಯಲು ಧೈರ್ಯ ಬಂದಿರಲಿಲ್ಲ. ನೀನು ಜಾತಿಯ ಹೊರಗೆ ಮದುವೆಯಾದದ್ದು, ತಾವು ನಿನ್ನ ಮುಖದ ಮೇಲೇ ಬಾಗಿಲು ಹಾಕಿದ್ದು, "ನನಗೆ ಮಗಳೇ ಇಲ್ಲ" ಎಂದದ್ದು, ಯಾವುದೂ ಅವರ ನೆನಪಿನಲ್ಲಿಲ್ಲ. ನೀನು ಮಾತ್ರ ಇದ್ದೀಯ. ಎಷ್ಟು ದಿನ ಇರುತ್ತೀಯೋ ಗೊತ್ತಿಲ್ಲ. ಬೇಗ ಬಾ.